ಅಚ್ಛೋದದ ತಡಿಯ ಮಹಾಶ್ವೇತೆ

ಮಹಾಲಿಂಗಪುರ, ಮುಧೋಳ, ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿಗಳ ಸೀಮೆಯಲ್ಲಿ ಹುಟ್ಟಿ ಬೆಳೆದ ಹಿರಿಯರಿಗೆ ಪ್ರಣಯದ ಕಥೆಯೆಂದೊಡನೆ ನೆನಪಾಗುವುದು ಪುಸ್ತಕವಲ್ಲ, ಆಟ. ಕುಲಗೋಡ ತಮ್ಮಣ್ಣನ ಹೆಸರಿನೊಡನೆ ಬೆಸೆದುಕೊಂಡಿರುವ ಶ್ರೀಕೃಷ್ಣ ಪಾರಿಜಾತವನ್ನು ಬೆಳಗಿನ ಜಾವದವರೆಗೆ ಕಂಬಳಿ ಹೊದ್ದು ಕುಳಿತು ನೋಡಿದ ಆ ಜನರು, ಹೂವು ರುಕ್ಮಿಣಿಗೆ ಸಂದಿತೆಂದು ಮುನಿದ ಭಾಮೆಯ ಸಿಟ್ಟನ್ನೂ ಆ ಸಿಟ್ಟಿನ ಹಿಂದಿನ ವಿರಹವನ್ನೂ ತಮ್ಮ ಓಣಿಯ ಮಾತೆಂಬಂತೆ ಬಲ್ಲರು. ಆದರೆ ಅದೇ ಪಾರಿಜಾತದ ಒಂದು ಗೊಂಚಲಿನಿಂದ ಮೊದಲಾಗಿ, ಮುನಿಸಿಗಿಂತ ಬಹು ಗಾಢವಾದ ಅಗಲಿಕೆಯನ್ನು ಹಾಯ್ದು ಪುನರ್ಮಿಲನದಲ್ಲಿ ಮುಗಿಯುವ ಇನ್ನೊಂದು ಕಥೆ ಕನ್ನಡದಲ್ಲಿ ಸಾವಿರ ವರ್ಷಗಳಿಂದ ಇದ್ದರೂ, ಪಾಠಶಾಲೆಯ ಹೊರಗೆ ಅದನ್ನು ಓದಿದವರು ವಿರಳ. ಅದು ನಾಗವರ್ಮನ ‘ಕರ್ಣಾಟಕ ಕಾದಂಬರಿ’.

ಮೂಲವು ಬಾಣಭಟ್ಟನದು. ಏಳನೆಯ ಶತಮಾನದಲ್ಲಿ ಈ ಗದ್ಯಕವಿಗೆ ಆಶ್ರಯವಿತ್ತ ಕನೌಜಿನ ಹರ್ಷವರ್ಧನನನ್ನು ಎದುರಿಸಿ ಗೆದ್ದವನು ಬಾದಾಮಿಯ ಇಮ್ಮಡಿ ಪುಲಕೇಶಿಯೆಂಬುದಕ್ಕೆ, ಬಾಗಲಕೋಟೆ ಜಿಲ್ಲೆಯದೇ ಆದ ಐಹೊಳೆಯ ಮೇಗುತಿ ಜಿನಾಲಯದಲ್ಲಿರುವ, ರವಿಕೀರ್ತಿಯು 634ರಲ್ಲಿ ರಚಿಸಿದ ಶಾಸನವು ಸಾಕ್ಷಿ. ದೊರೆಯ ಸೈನ್ಯಕ್ಕೆ ದಾಟಲಾಗದ ನರ್ಮದೆಯನ್ನು ಕವಿಯ ಕಥೆ ಮಾತ್ರ ನಿರಾಯಾಸವಾಗಿ ದಾಟಿ ಬಂದಿತು. ಬಾಣನು ಗ್ರಂಥವನ್ನು ಮುಗಿಸುವ ಮೊದಲೇ ತೀರಿಕೊಳ್ಳಲು, ಉತ್ತರಭಾಗವನ್ನು ಮಗನಾದ ಭೂಷಣಭಟ್ಟನು ಪೂರೈಸಿದನು. ತಂದೆಮಕ್ಕಳ ಈ ಎರಡು ಭಾಗಗಳನ್ನೂ ನಾಗವರ್ಮನು ಹತ್ತನೆಯ ಶತಮಾನದ ಕೊನೆಯ ಸುಮಾರಿಗೆ ಒಂದೇ ಚಂಪುವಾಗಿ ಕನ್ನಡಕ್ಕಿಳಿಸಿದನು. ಹತ್ತೊಂಬತ್ತನೆಯ ಶತಮಾನದಲ್ಲಿ ಗಂಗಾಧರ ಮಡಿವಾಳೇಶ್ವರ ತುರಮರಿಯವರು ಬಾಣನ ಕಥೆಯನ್ನು ಹೊಸಗನ್ನಡ ಗದ್ಯದಲ್ಲಿ ಬರೆದರು.

ಗ್ರಂಥಕ್ಕೆ ಹೆಸರು ಕಾದಂಬರಿಯದಾದರೂ, ಹೃದಯವು ಅವಳ ಗೆಳತಿ ಮಹಾಶ್ವೇತೆಯದೆಂದು ನನ್ನ ಅಭಿಪ್ರಾಯ. ಶೂದ್ರಕನ ಸಭೆಗೆ ಬಂದ ಗಿಳಿಯೊಂದು ತಾನು ಜಾಬಾಲಿ ಮುನಿಯಿಂದ ಕೇಳಿದ ಕಥೆಯನ್ನು ಹೇಳತೊಡಗುತ್ತದೆ. ಆ ಕಥೆಯಲ್ಲಿ ಉಜ್ಜಯಿನಿಯ ರಾಜಕುಮಾರನಾದ ಚಂದ್ರಾಪೀಡನು ಕಿನ್ನರಮಿಥುನವನ್ನು ಬೆನ್ನಟ್ಟಿ, ದಾರಿ ತಪ್ಪಿ, ಅಚ್ಛೋದವೆಂಬ ಸರೋವರದ ತಡಿಗೆ ಬರುತ್ತಾನೆ. ಅಲ್ಲಿ ಶಿವಾಲಯದಲ್ಲಿ ವೀಣೆ ನುಡಿಸುತ್ತ ಕುಳಿತ ತಪಸ್ವಿನಿ, ಕೇಳಿದವನಿಗೆ ತನ್ನ ಹಿಂದಿನದನ್ನು ಹೇಳುತ್ತಾಳೆ.

ಅವಳು ಗಂಧರ್ವಕನ್ಯೆ. ವಸಂತದ ಒಂದು ದಿನ ತಾಯಿಯೊಡನೆ ಸ್ನಾನಕ್ಕೆಂದು ಇದೇ ಸರೋವರಕ್ಕೆ ಬಂದಾಗ, ಹಿಂದೆಂದೂ ಅರಿಯದ ಪರಿಮಳವೊಂದು ಅವಳನ್ನು ಸೆಳೆಯಿತು. ಅದು ಪುಂಡರೀಕನೆಂಬ ಮುನಿಕುಮಾರನ ಕಿವಿಯಲ್ಲಿದ್ದ ಪಾರಿಜಾತಮಂಜರಿಯದು. ಅವನು ಆ ಗೊಂಚಲನ್ನು ಅವಳ ಕಿವಿಗಿಡುವಾಗ ಕೈಯ ಜಪಮಾಲೆ ಜಾರಿದ್ದು ಅವನಿಗೆ ತಿಳಿಯಲಿಲ್ಲ. ಅದನ್ನು ಹಿಡಿದುಕೊಂಡು ಕೊರಳಿಗೆ ಹಾಕಿಕೊಂಡ ಹುಡುಗಿ, ಹುಸಿಕೋಪದಿಂದ ಅವನು ಕೇಳಲು ಬಂದಾಗ ಕೊಟ್ಟುದು ಜಪಮಾಲೆಯನ್ನಲ್ಲ, ತನ್ನ ಮುತ್ತಿನ ಸರವನ್ನು. ಅವಳ ಮುಖದಲ್ಲಿ ನೆಟ್ಟ ದೃಷ್ಟಿಯಿಂದ ಅದನ್ನೇ ತನ್ನದೆಂದು ತೆಗೆದುಕೊಂಡು ಹೊರಟನು ಆ ತಪಸ್ವಿ. ಇಷ್ಟೇ ಅವರ ಪ್ರಣಯ. ಮಾತಿಲ್ಲ, ಪ್ರತಿಜ್ಞೆಯಿಲ್ಲ. ಆ ರಾತ್ರಿ ಬೆಳುದಿಂಗಳಲ್ಲಿ ಅವನನ್ನು ಕಾಣಲು ಹೊರಟವಳಿಗೆ ದೂರದಿಂದಲೇ ಕೇಳಿಸಿದುದು ಅವನ ಸಖನಾದ ಕಪಿಂಜಲನ ಗೋಳು. ವಿರಹತಾಪವನ್ನು ತಾಳಲಾರದೆ ಪುಂಡರೀಕನು ಅವಳು ಬರುವ ಮುನ್ನವೇ ಪ್ರಾಣ ಬಿಟ್ಟಿದ್ದನು. ಅವಳು ಚಿತೆಗೆ ಸಿದ್ಧಳಾಗಲು, ಚಂದ್ರಮಂಡಲದಿಂದಿಳಿದ ದಿವ್ಯಪುರುಷನೊಬ್ಬನು ಆ ಶರೀರವನ್ನೆತ್ತಿಕೊಂಡು, ಪುನಃ ಸಮಾಗಮವುಂಟು, ಸಾಯಬೇಡವೆಂದು ಹೇಳಿ ಮರೆಯಾದನು. ಅಂದಿನಿಂದ ಅವಳು ಅಲ್ಲಿಯೇ ಇದ್ದಾಳೆ.

ಇಂಥ ಕಥೆಗಳಲ್ಲಿ ಎರಡನೆಯ ಅವಕಾಶವೆಂಬುದು ಸಾಮಾನ್ಯವಾಗಿ ಕಾದವರಿಗೆ ದೊರೆಯುವ ಬಹುಮಾನ. ಕಾದಂಬರಿಯ ಅಸಾಧಾರಣತೆ ಇರುವುದು ಆ ಅವಕಾಶವು ಬಂದು ಬಾಗಿಲಲ್ಲಿ ನಿಂತಾಗ ಅದನ್ನು ಕಾದವಳೇ ಗುರುತಿಸದೆ ಸುಟ್ಟುಬಿಡುವುದರಲ್ಲಿ. ಪುಂಡರೀಕನು ಚಂದ್ರಾಪೀಡನ ಮಿತ್ರನಾದ ವೈಶಂಪಾಯನನಾಗಿ ಮರುಹುಟ್ಟು ಪಡೆದಿದ್ದಾನೆ. ಅಚ್ಛೋದದ ತಡಿಗೆ ಬಂದೊಡನೆ, ಯಾವುದನ್ನೋ ಕಳೆದುಕೊಂಡವನಂತೆ ಅಲ್ಲಿಯೇ ಅಲೆಯತೊಡಗಿ, ಮಹಾಶ್ವೇತೆಯನ್ನು ಕಂಡು, ಏಕೆಂದು ತನಗೇ ತಿಳಿಯದೆ ಅವಳನ್ನು ಬೇಡುತ್ತಾನೆ. ಅವಳೋ ಪುಂಡರೀಕನನ್ನೇ ಧ್ಯಾನಿಸುತ್ತಿರುವವಳು. ಅಪರಿಚಿತನ ಈ ಪ್ರಲಾಪ ಅಸಹ್ಯವಾಗಿ, ಆ ದಿನದಿಂದ ಪರಪುರುಷನನ್ನು ಮನದಲ್ಲಿಯೂ ನೆನೆಯದವಳು ತಾನಾದರೆ ಇವನು ಗಿಳಿಯ ಜನ್ಮಕ್ಕೆ ಬೀಳಲಿ ಎಂದು ಶಪಿಸುತ್ತಾಳೆ. ಅವನು ಅಲ್ಲಿಯೇ ಬೀಳುತ್ತಾನೆ. ಪುಂಡರೀಕನ ಮೇಲಿನ ನಿಷ್ಠೆಯ ಬಲದಿಂದಲೇ ಅವಳು ಪುಂಡರೀಕನನ್ನು ಎರಡನೆಯ ಸಲ ಕೊಂದಳು. ಶೂದ್ರಕನ ಸಭೆಯಲ್ಲಿ ಕಥೆ ಹೇಳಿದ ಗಿಳಿ ಇವನೇ. ಮಿತ್ರನ ವಾರ್ತೆಯನ್ನು ಕೇಳಿ ಚಂದ್ರಾಪೀಡನ ಎದೆ ಒಡೆಯುತ್ತದೆ. ಅವನನ್ನು ಒಲಿದ ಕಾದಂಬರಿ, ಅಶರೀರವಾಣಿಯ ಮಾತನ್ನು ನಂಬಿ, ಕೆಡದೆ ಉಳಿದ ಆ ಶರೀರವನ್ನು ಶುಶ್ರೂಷಿಸುತ್ತ ಕುಳಿತುಕೊಳ್ಳುತ್ತಾಳೆ.

ಗಂಡಸರು ಇಲ್ಲಿ ಸಾಯುತ್ತಾರೆ, ಹುಟ್ಟುತ್ತಾರೆ, ಮರೆಯುತ್ತಾರೆ. ಒಂದೇ ಜನ್ಮದಲ್ಲಿದ್ದು ಎಲ್ಲವನ್ನೂ ನೆನಪಿಟ್ಟುಕೊಳ್ಳುವ ಭಾರವು ಹೆಂಗಸರದು. ಪಶ್ಚಿಮದಲ್ಲಿ ಜೇನ್ ಆಸ್ಟಿನ್ನಳ ‘ಪರ್ಸುಯೇಷನ್’ ಎಂಬ ಕಾದಂಬರಿ, ಅವಳು ತೀರಿಕೊಂಡ 1817ರ ಕೊನೆಯಲ್ಲಿ ಪ್ರಕಟವಾದುದು, ಇದೇ ವಸ್ತುವುಳ್ಳದ್ದು: ಹಿರಿಯರ ಮಾತಿಗೆ ಮಣಿದು ನಾವಿಕನೊಬ್ಬನನ್ನು ನಿರಾಕರಿಸಿದ ಆನ್ ಎಲಿಯಟ್ ಎಂಟು ವರ್ಷಗಳ ಮೇಲೆ ಅವನನ್ನು ಮರಳಿ ಪಡೆಯುತ್ತಾಳೆ. ಅಲ್ಲಿ ಅಡ್ಡಿಯಾದುದು ಕುಲ, ಹಣ, ಅಭಿಮಾನ. ಇಲ್ಲಿ ಶಾಪ, ಜನ್ಮಾಂತರ. ಆದರೆ ಆಶೆ ಸತ್ತ ಮೇಲೆಯೂ ಪ್ರೀತಿಸುತ್ತಲೇ ಇರುವುದು ಹೆಣ್ಣಿನ ಪಾಲಿಗೆ ಬಂದುದೆಂಬ ಆನ್‌ಳ ಮಾತನ್ನು ಮಹಾಶ್ವೇತೆ ಕೇಳಿದ್ದರೆ ವೀಣೆಯನ್ನು ಕೆಳಗಿಟ್ಟು ತಲೆದೂಗುತ್ತಿದ್ದಳು.

ನಾಗವರ್ಮನ ಕಾಲದವನೇ ನಮ್ಮ ಮುಧೋಳದ ರನ್ನ. 949ರಲ್ಲಿ ಅಂದಿನ ಮುದುವೊಳಲಿನ ಬಳೆಗಾರರ ಮನೆಯಲ್ಲಿ ಹುಟ್ಟಿದ ಆ ಕವಿಯ ಗದಾಯುದ್ಧದಲ್ಲಿ, ದುರ್ಯೋಧನನು ರಣರಂಗದ ಹೆಣಗಳ ನಡುವೆ ನಡೆಯುತ್ತ, ದುಶ್ಶಾಸನನನ್ನೂ ಕರ್ಣನನ್ನೂ ಕಂಡು ಕಂಡಲ್ಲಿ ನಿಂತು ಮರುಗುವನು; ಸತ್ತವರಾರೂ ಮರಳುವುದಿಲ್ಲ, ಕ್ಷಮೆ ಬೇಡುವುದಕ್ಕೂ ಕಾಲ ಮಿಂಚಿದೆ. ಒಂದೇ ಯುಗದ ಕನ್ನಡವು ಶೋಕವನ್ನು ಹೀಗೆ ಎರಡು ಬಗೆಯಾಗಿ ನೋಡಿತೆಂಬುದನ್ನು ನಮ್ಮ ವಿಮರ್ಶಕರು ಇನ್ನೂ ಸಾಕಷ್ಟು ಗಮನಿಸಬೇಕಾಗಿದೆ. ರನ್ನನಲ್ಲಿ ಆರ್ಭಟದ ನಡುವೆ ಅಳು. ನಾಗವರ್ಮನಲ್ಲಿ ಮೃದುಪದಗಳ ನಡೆ. ಬಾಣನ ಒಂದು ವಾಕ್ಯವು ಪುಟಗಟ್ಟಲೆ ಸಾಗಿ, ವಿಶೇಷಣಗಳ ಗೊಂಡಾರಣ್ಯದಲ್ಲಿ ಓದುಗನು ಕ್ರಿಯಾಪದವನ್ನು ಹುಡುಕುವಂತಾದರೆ, ನಾಗವರ್ಮನು ವರ್ಣನೆಗಳನ್ನು ಸಂಕ್ಷೇಪಿಸಿ ಭಾವದ ಎಡೆಗಳಲ್ಲಿ ಮಾತ್ರ ನಿಲ್ಲುತ್ತಾನೆ. ಮಹಾಶ್ವೇತೆಯ ದುಃಖವು ಆದುದರಿಂದಲೇ ಕನ್ನಡದಲ್ಲಿ ಬೇಗ ತಟ್ಟುತ್ತದೆ.

ಉತ್ತರಭಾಗವು ಪೂರ್ವಭಾಗಕ್ಕೆ ಸಮನಲ್ಲ. ಪುಂಡರೀಕನು ಸಾಯುವಾಗ ಚಂದ್ರನನ್ನು ಶಪಿಸಿದನು, ಚಂದ್ರನು ಪ್ರತಿಶಾಪವಿತ್ತನು, ಚಂದ್ರನೇ ಚಂದ್ರಾಪೀಡ, ಅವನೇ ಮತ್ತೆ ಶೂದ್ರಕ, ಕುದುರೆಯಾದ ಇಂದ್ರಾಯುಧನೇ ಕಪಿಂಜಲ — ಈ ಗಂಟುಗಳನ್ನು ಬಿಡಿಸುವ ಅವಸರದಲ್ಲಿ ಕವಿಗೆ ಕಣ್ಣೀರಿಗೆ ಬಿಡುವಿಲ್ಲ. ಶೂದ್ರಕನೂ ಗಿಳಿಯೂ ದೇಹ ಬಿಟ್ಟು, ಕಾದಂಬರಿಯ ಆಲಿಂಗನದಿಂದ ಚಂದ್ರಾಪೀಡನು ಎಚ್ಚತ್ತು, ಪುಂಡರೀಕನು ಮುಗಿಲಿನಿಂದ ಇಳಿದು ಬಂದಾಗ, ತಾನು ಶಪಿಸಿದುದು ಯಾರನ್ನೆಂಬುದನ್ನರಿತ ಮಹಾಶ್ವೇತೆಗೆ ಆ ಕ್ಷಣ ಏನನ್ನಿಸಿರಬೇಕು? ಅದನ್ನು ಹೇಳುವ ಪುಟವೊಂದಿದ್ದಿದ್ದರೆ ಈ ಕಥೆಗೆ ಜಗತ್ತಿನಲ್ಲಿ ಎಣೆಯಿರುತ್ತಿರಲಿಲ್ಲ.

ಹಳಗನ್ನಡವೆಂದು ಅಂಜುವ ವಾಚಕರು ಶೂದ್ರಕನ ಸಭೆಯಿಂದಲೇ ಓದಲು ತೊಡಗಿ ದಣಿಯುವುದು ಬೇಡ. ಚಂದ್ರಾಪೀಡನು ಅಚ್ಛೋದವನ್ನು ಕಾಣುವ ಎಡೆಯಿಂದ ಆರಂಭಿಸಿರಿ, ಬಲ್ಲವರೊಬ್ಬರನ್ನು ಜೊತೆಗೆ ಕೂರಿಸಿಕೊಂಡು ಗಟ್ಟಿಯಾಗಿ ಓದಿಸಿಕೊಳ್ಳಿರಿ. ಮಹಾಶ್ವೇತೆಯ ಕಥೆ ಮುಗಿದ ಮೇಲೆ ಗ್ರಂಥದ ಮೊದಲ ಪುಟಕ್ಕೆ ಹಿಂದಿರುಗಬಹುದು.