ಮುಳ್ಳುಸೌತೆಯ ಮೇಲಿನ ಬಿಳಿ ಗೊಜ್ಜು: ತೂಗಿ ನೋಡಿದಾಗ ಕಂಡದ್ದು

ಕಳೆದ ಮೇ ತಿಂಗಳ ರಜೆಗೆ ಬೆಂಗಳೂರಿನಿಂದ ಮಗಳು, ಮೊಮ್ಮಗ ಬಂದಿದ್ದರು. ಬರುವಾಗ ತಲಾ ಒಂದು ಕಿಲೋದ ಎರಡು ಪ್ಯಾಕೆಟ್ ಸಲಾಡ್ ಡ್ರೆಸ್ಸಿಂಗ್ ತಂದಿದ್ದರು. ಬಿಳಿ ಬಣ್ಣ, ಕೆನೆಯಂತೆ ದಪ್ಪ, ಬೆಳ್ಳುಳ್ಳಿಯ ಪರಿಮಳ, ಸ್ವಲ್ಪ ಹುಳಿ, ಸ್ವಲ್ಪ ಸಿಹಿ. ಪ್ಯಾಕೆಟಿನ ಮೇಲೆ ‘ರಾಂಚ್’ ಎಂದೂ ‘ಎಗ್‌ಲೆಸ್’ ಎಂದೂ ಬರೆದಿತ್ತು. "ಅಜ್ಜ, ಇದು ಹಾಕಿದ್ರೆ ಎಂಥ ತರಕಾರಿ ಬೇಕಾದ್ರೂ ತಿನ್ಬಹುದು" ಅಂದ ಮೊಮ್ಮಗ.

ಅವನು ಹೇಳಿದ್ದು ಸುಳ್ಳಲ್ಲ. ನಮ್ಮ ಮನೆಯಾಕೆಗೆ ಐದು ವರ್ಷದಿಂದ ಬಿ.ಪಿ. ಇದೆ. ಉಪ್ಪು ಇಳಿಸಿ, ತರಕಾರಿ ಏರಿಸಿ ಎಂದು ಡಾಕ್ಟರು ಪ್ರತಿ ಸಲ ಹೇಳುತ್ತಾರೆ. ಬೇಯಿಸಿದ್ದನ್ನು ತಿನ್ನುತ್ತಾಳೆ. ಹಸಿಯದ್ದು ಬೇಡ. "ನಾನೇನು ದನವಾ?" ಎಂಬ ಉತ್ತರ ಸಿದ್ಧವಾಗಿಯೇ ಇರುತ್ತದೆ. ಅಂಥವಳು ಈ ಬಿಳಿ ಗೊಜ್ಜು ಹಾಕಿಕೊಂಡು ದಿನಾ ಮಧ್ಯಾಹ್ನ ಒಂದು ಬಟ್ಟಲು ಮುಳ್ಳುಸೌತೆ, ಕ್ಯಾರೆಟ್ ಖಾಲಿ ಮಾಡತೊಡಗಿದಳು. ಅಂಗಳದ ಬದಿಯ ಚಪ್ಪರದಲ್ಲಿ ಮುಳ್ಳುಸೌತೆ ಬೇಕಾದಷ್ಟಿತ್ತು. ನನಗೂ ಖುಷಿ. ಐದು ವರ್ಷದಲ್ಲಿ ಡಾಕ್ಟರಿಗೆ, ನನಗೆ ಆಗದ್ದನ್ನು ಒಂದು ಪ್ಯಾಕೆಟ್ ಮಾಡಿತಲ್ಲ!

ಮೊಮ್ಮಗ ಹತ್ತು ದಿನ ಇದ್ದು ಹೋದ. ಒಂದು ಪ್ಯಾಕೆಟ್ ಅವನಿಗೇ ಆಯಿತು. ಇನ್ನೊಂದನ್ನು ನಾವಿಬ್ಬರೂ ಬಳಸುತ್ತಾ ಬಂದೆವು. ಅದು ಮುಗಿಯುತ್ತಾ ಬಂದಾಗ ತಿಂಗಳ ತಪಾಸಣೆಯ ದಿನ ಬಂತು. ಸಾಮಾನ್ಯವಾಗಿ 140ರ ಆಸುಪಾಸು ಇರುತ್ತಿದ್ದ ಮೇಲಿನ ಲೆಕ್ಕ 156 ತೋರಿಸಿತು. ಡಾಕ್ಟರು ಎರಡು ಸಲ ನೋಡಿದರು. "ಊಟದಲ್ಲಿ ಹೊಸತು ಏನಾದ್ರೂ ಉಂಟಾ?" ಎಂದು ಕೇಳಿದರು. ಹಸಿ ತರಕಾರಿ ಸುರು ಮಾಡಿದ್ದೇನೆ ಎಂದು ಮನೆಯಾಕೆ ಹೆಮ್ಮೆಯಿಂದಲೇ ಹೇಳಿದಳು. "ಅದಕ್ಕೆ ಏನು ಹಾಕ್ತೀರಿ?" ಎಂದರು.

ಮನೆಗೆ ಬಂದವನೇ ಕನ್ನಡಕ ಹಾಕಿ ಪ್ಯಾಕೆಟಿನ ಬೆನ್ನು ಓದಿದೆ.

ಬೆನ್ನಿನಲ್ಲಿ ಬರೆದದ್ದು

ಪ್ಯಾಕೆಟಿನ ಮೇಲೆ ಸಾಮಗ್ರಿಗಳನ್ನು ಬರೆಯುವಾಗ ಯಾವುದು ಹೆಚ್ಚು ತೂಕವೋ ಅದನ್ನು ಮೊದಲು ಬರೆಯಬೇಕೆಂಬ ನಿಯಮವಿದೆ. ಇದೊಂದು ಗೊತ್ತಿದ್ದರೆ ಅರ್ಧ ಕತೆ ತಿಳಿದ ಹಾಗೆ. ನಮ್ಮ ಪ್ಯಾಕೆಟಿನಲ್ಲಿ ಮೊದಲು ಇದ್ದದ್ದು ರಿಫೈನ್ಡ್ ಸೋಯಾ ಎಣ್ಣೆ. ಬಳಿಕ ನೀರು, ಸಕ್ಕರೆ, ಹಾಲಿನ ಪುಡಿ, ಉಪ್ಪು. ಅನಂತರ ದಪ್ಪ ಮಾಡುವ ಅಂಟು, ಹುಳಿ, ಕೆಡದಂತೆ ಇಡುವ ಸಾಮಗ್ರಿಗಳು. ಬೆಳ್ಳುಳ್ಳಿ, ನೀರುಳ್ಳಿಯ ಪುಡಿ ಕೊನೆಕೊನೆಗೆ. ಮೊಸರು ಇರಬಹುದು ಅಂದುಕೊಂಡಿದ್ದೆ. ಅದರ ಹೆಸರೇ ಇಲ್ಲ.

100 ಗ್ರಾಮಿಗೆ 400 ಕ್ಯಾಲೊರಿ, 38 ಗ್ರಾಂ ಕೊಬ್ಬು, 900 ಮಿಲಿಗ್ರಾಂ ಸೋಡಿಯಂ. ಒಂದು ಸಲ ಬಳಸುವ ಪ್ರಮಾಣ 15 ಗ್ರಾಂ ಎಂದಿತ್ತು.

ಹದಿನೈದು ಗ್ರಾಂ ಅಂದರೆ ಎಷ್ಟು? ವೆನಿಲ್ಲಾ ಕಾಲದಲ್ಲಿ ಕೊಂಡ ಸಣ್ಣ ಎಲೆಕ್ಟ್ರಾನಿಕ್ ತಕ್ಕಡಿ ಅಟ್ಟದಲ್ಲಿತ್ತು. ವೆನಿಲ್ಲಾ ಹೋದ ಮೇಲೆ ಅದಕ್ಕೆ ಕೆಲಸವೇ ಇರಲಿಲ್ಲ. ಬ್ಯಾಟರಿ ಹಾಕಿ, ಬಟ್ಟಲು ಇಟ್ಟು, "ದಿನಾ ಹಾಕುವಷ್ಟು ಹಾಕು" ಎಂದೆ. ಮನೆಯಾಕೆ ಹಿಂಡಿದಳು. 42 ಗ್ರಾಂ! ನಾನು ಹಿಂಡಿದ್ದೂ ಹೆಚ್ಚುಕಡಿಮೆ ಅಷ್ಟೇ.

ಲೆಕ್ಕ ಮಾಡಿ. 40 ಗ್ರಾಂ ಅಂತ ಹಿಡಿದರೂ ಗೊಜ್ಜಿನದ್ದೇ 160 ಕ್ಯಾಲೊರಿ. ಕೆಳಗಿರುವ 150 ಗ್ರಾಂ ಮುಳ್ಳುಸೌತೆಯದ್ದು ಬರೇ ಇಪ್ಪತ್ತು ಚಿಲ್ಲರೆ. ಎಣ್ಣೆ 15 ಗ್ರಾಂ, ಅಂದರೆ ಮೂರು ಚಹಾ ಚಮಚಕ್ಕಿಂತ ಹೆಚ್ಚು. ಒಂದು ಕಿಲೋ ಪ್ಯಾಕೆಟ್ ಮುಗಿಸುವಾಗ 380 ಗ್ರಾಂ ಎಣ್ಣೆ ನಮ್ಮಿಬ್ಬರ ಹೊಟ್ಟೆಗೆ ಹೋಗಿತ್ತು. ಒಗ್ಗರಣೆಗೆ ಅಷ್ಟು ಸುರಿದಿದ್ದರೆ ಮನೆಯಾಕೆ ಬೊಬ್ಬೆ ಹೊಡೆಯುತ್ತಿದ್ದಳು. ಕೆನೆಯ ವೇಷದಲ್ಲಿ ಬಂದ ಕಾರಣ ಗೊತ್ತೇ ಆಗಲಿಲ್ಲ.

ಉಪ್ಪಿನದ್ದು ಇನ್ನೊಂದು ಲೆಕ್ಕ. ಪ್ಯಾಕೆಟಿನಲ್ಲಿ ಉಪ್ಪು ಎಷ್ಟು ಎಂದು ಬರೆದಿರುವುದಿಲ್ಲ, ಸೋಡಿಯಂ ಎಂದು ಬರೆದಿರುತ್ತದೆ. ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪು ಸಿಗುತ್ತದೆ. 40 ಗ್ರಾಂ ಗೊಜ್ಜಿನಲ್ಲಿ 360 ಮಿಲಿಗ್ರಾಂ ಸೋಡಿಯಂ, ಅಂದರೆ ಸುಮಾರು 0.9 ಗ್ರಾಂ ಉಪ್ಪು. ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಐದರಲ್ಲಿ ಒಂದು ಪಾಲು ಬರೇ ಮುಳ್ಳುಸೌತೆಯ ಮೇಲೆಯೇ ಖರ್ಚಾಗಿತ್ತು. ಸಿಹಿ, ಹುಳಿ ಜತೆಗಿರುವ ಕಾರಣ ನಾಲಗೆಗೆ ಉಪ್ಪು ಅನಿಸುವುದೇ ಇಲ್ಲ.

ಹಾಗೆಂದು ಬಿ.ಪಿ. ಏರಿದ ಪೂರ್ತಿ ತಪ್ಪನ್ನು ಪ್ಯಾಕೆಟಿನ ತಲೆಗೆ ಕಟ್ಟುವುದು ನ್ಯಾಯವಲ್ಲ. ಅದೇ ತಿಂಗಳು ಹೊಸ ಮಿಡಿ ಉಪ್ಪಿನಕಾಯಿಯ ಭರಣಿ ತೆರೆದಿದ್ದೆವು. ಮೊಮ್ಮಗನಿಗೆಂದು ಹಲಸಿನ ಹಪ್ಪಳ ದಿನಾ ಕರಿದದ್ದೂ ಉಂಟು. ಡಾಕ್ಟರಿಗೆ ಮನೆಯಾಕೆ ಇವೆರಡರ ಸುದ್ದಿ ಹೇಳಲಿಲ್ಲ. ನಾನೂ ಬಾಯಿ ಬಿಡಲಿಲ್ಲ!

ಮಜ್ಜಿಗೆಯಿಂದ ಹುಟ್ಟಿದ್ದು

‘ರಾಂಚ್’ ಎಂದರೆ ಅಮೆರಿಕದಲ್ಲಿ ದನ ಸಾಕುವ ದೊಡ್ಡ ಜಮೀನು. ಈ ಗೊಜ್ಜಿಗೆ ಆ ಹೆಸರು ಬಂದದ್ದು ನಿಜವಾದ ಒಂದು ಜಮೀನಿನಿಂದ. ಸ್ಟೀವ್ ಹೆನ್ಸನ್ ಎಂಬವರು ಅಲಾಸ್ಕಾದಲ್ಲಿ ಪ್ಲಂಬಿಂಗ್ ಕಂತ್ರಾಟು ಮಾಡುತ್ತಿದ್ದಾಗ ಕೆಲಸದವರಿಗೆ ಮಜ್ಜಿಗೆ, ಮಯೊನೀಸ್, ಬೆಳ್ಳುಳ್ಳಿ, ಸೊಪ್ಪು ಸೇರಿಸಿ ಈ ಗೊಜ್ಜು ಮಾಡುತ್ತಿದ್ದರಂತೆ. 1954ರಲ್ಲಿ ಕ್ಯಾಲಿಫೋರ್ನಿಯಾದ ಸಾಂತಾ ಬಾರ್ಬರಾ ಹತ್ತಿರ ಜಾಗ ಕೊಂಡು ‘ಹಿಡನ್ ವ್ಯಾಲಿ ರಾಂಚ್’ ಎಂದು ಹೆಸರಿಟ್ಟರು. ಉಳಿಯಲು ಬಂದ ಅತಿಥಿಗಳಿಗೆ ಗೊಜ್ಜು ಹಿಡಿಸಿತು. ಕೇಳಿದವರಿಗೆಲ್ಲ ಒಣ ಮಸಾಲೆಯ ಪೊಟ್ಟಣ ಅಂಚೆಯಲ್ಲಿ ಕಳಿಸಿದರು. ಮಜ್ಜಿಗೆ, ಮಯೊನೀಸ್ ಅವರವರ ಮನೆಯಲ್ಲೇ ಸೇರಿಸಿಕೊಳ್ಳಬೇಕು. ಅತಿಥಿಗಳಿಂದ ಆಗದ ಸಂಪಾದನೆ ಪೊಟ್ಟಣದಿಂದ ಆಯಿತು. 1972ರಲ್ಲಿ ಕ್ಲೋರಾಕ್ಸ್ ಕಂಪೆನಿ ಈ ಹೆಸರನ್ನು ಕೊಂಡಿತು. ಬಟ್ಟೆ ಬಿಳಿ ಮಾಡುವ ದ್ರಾವಣಕ್ಕೆ ಹೆಸರಾದ ಕಂಪೆನಿ ಅದು.

ಒಣ ಪೊಟ್ಟಣದ ಕಾಲದಲ್ಲಿ ಮಜ್ಜಿಗೆ ತಾಜಾ ಇತ್ತು. ಅಂಗಡಿಯ ಕಪಾಟಿನಲ್ಲಿ ತಿಂಗಳುಗಟ್ಟಲೆ ಕೂರಬೇಕಾದಾಗ ಮಜ್ಜಿಗೆಯ ಕೆಲಸವನ್ನು ಎಣ್ಣೆ, ಅಂಟು, ಹುಳಿ ವಹಿಸಿಕೊಂಡವು. ನಮ್ಮ ಪ್ಯಾಕೆಟಿನಲ್ಲಿ ಇದ್ದದ್ದು ಸೋಯಾ ಎಣ್ಣೆ. ನಮ್ಮ ದೇಶಕ್ಕೆ ಬೇಕಾದ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನಿಂದ ಬರುತ್ತದೆ. ಸೋಯಾದ್ದು ಮುಖ್ಯವಾಗಿ ಅರ್ಜೆಂಟೀನಾ, ಬ್ರೆಜಿಲ್ ಕಡೆಯದು. ತೆಂಗು ಬೆಳೆಯುವವನ ಮುಳ್ಳುಸೌತೆಗೆ ಅಲ್ಲಿಂದ ಎಣ್ಣೆ!

ಮೊಟ್ಟೆ ಹಾಕಿದ ಮಯೊನೀಸಿನ ಬಗ್ಗೆಯೂ ಒಂದು ಮಾತು. ಮೊಟ್ಟೆಯ ಹಳದಿಯಲ್ಲಿ ಎಣ್ಣೆ, ನೀರು ಎರಡನ್ನೂ ಹಿಡಿದಿಡುವ ಲೆಸಿಥಿನ್ ಎಂಬ ಅಂಶ ಇದೆ. ಅದಕ್ಕೆ ಎಣ್ಣೆಯನ್ನು ಹನಿಹನಿಯಾಗಿ ಬಿಟ್ಟು ಕಡೆದರೆ ಬೆಣ್ಣೆಯಂತಾಗುತ್ತದೆ. ಹೋಟೆಲಿನಲ್ಲಿ ಹಸಿ ಮೊಟ್ಟೆಯಿಂದ ಮಾಡಿ ಸೆಕೆಗೆ ಹೊರಗಿಟ್ಟರೆ ಸಾಲ್ಮೊನೆಲ್ಲಾ ಎಂಬ ರೋಗಾಣು ಬೆಳೆಯಬಹುದು. ಕೇರಳ ಸರಕಾರ 2023ರ ಜನವರಿಯಲ್ಲಿ, ತೆಲಂಗಾಣ 2024ರಲ್ಲಿ, ತಮಿಳುನಾಡು 2025ರಲ್ಲಿ ಹಸಿ ಮೊಟ್ಟೆಯ ಮಯೊನೀಸಿಗೆ ನಿಷೇಧ ಹಾಕಿದ್ದು ಇದೇ ಕಾರಣಕ್ಕೆ. ಪೇಟೆಗೆ ಹೋದಾಗ ಮಕ್ಕಳು ಕೇಳಿದರೆ ಇದು ನೆನಪಿರಲಿ.

ಎಣ್ಣೆಯೇ ಬೇಡವೇ?

ಕೊಬ್ಬು ಸೊನ್ನೆ ಮಾಡಿದರೆ ಒಳ್ಳೆಯದು ಎಂದು ನಾನೂ ನಂಬಿದ್ದೆ. ಹಾಗಲ್ಲ. ಕ್ಯಾರೆಟ್, ಟೊಮೆಟೊಗಳ ಬಣ್ಣದ ಅಂಶ ಕರಗುವುದು ಕೊಬ್ಬಿನಲ್ಲಿ, ನೀರಿನಲ್ಲಲ್ಲ. ಅಮೆರಿಕದ ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದವರು 2004ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಂದೇ ರೀತಿಯ ಸಲಾಡನ್ನು ಕೊಬ್ಬಿಲ್ಲದ, ಸ್ವಲ್ಪ ಕೊಬ್ಬಿರುವ, ಪೂರ್ತಿ ಕೊಬ್ಬಿರುವ ಡ್ರೆಸ್ಸಿಂಗ್ ಜತೆ ತಿನ್ನಿಸಿ ರಕ್ತ ಪರೀಕ್ಷೆ ಮಾಡಿದ್ದರು. ಕೊಬ್ಬಿಲ್ಲದೆ ತಿಂದಾಗ ಕ್ಯಾರೊಟಿನ್ ರಕ್ತಕ್ಕೆ ಸೇರಿದ್ದು ಇಲ್ಲವೆನ್ನುವಷ್ಟು ಕಡಿಮೆ. ತರಕಾರಿಯ ಜತೆ ಸ್ವಲ್ಪ ಜಿಡ್ಡು ಬೇಕೇ ಬೇಕು. ನಮ್ಮ ಹಿರಿಯರು ಕೋಸಂಬರಿಗೆ ಒಗ್ಗರಣೆ ಕೊಟ್ಟದ್ದು, ತಂಬುಳಿಗೆ ಕಾಯಿ ಅರೆದದ್ದು ಬಾಯಿರುಚಿಗೇ ಇರಬಹುದು. ಕೆಲಸ ಮಾತ್ರ ಸರಿಯಾಗಿಯೇ ಆಗಿದೆ.

ಹಾಗಾದರೆ ನಮ್ಮ ಸಾಸಿವೆಯನ್ನೇ ಗೊಜ್ಜಿನಂತೆ ದಪ್ಪ ಮಾಡಿದರೆ ಹೇಗೆ? ಪ್ರಯೋಗ ಸುರುವಾಯಿತು. ಮನೆಯ ದನದ ಮೊಸರನ್ನು ತೆಳು ಬಟ್ಟೆಯಲ್ಲಿ ಕಟ್ಟಿ ಎರಡು ಗಂಟೆ ನೇತು ಹಾಕಿದೆವು. 100 ಗ್ರಾಂ ಮೊಸರಿಗೆ 20 ಗ್ರಾಂ ಕಾಯಿತುರಿ, ಅರ್ಧ ಚಮಚ ಸಾಸಿವೆ, ಒಂದು ಜೀರಿಗೆ ಮೆಣಸು. ನುಣ್ಣಗೆ ಅರೆದು ಸೇರಿಸಿ, ಲಿಂಬೆ ಹಿಂಡಿ, ಒಂದು ಗ್ರಾಂ ಉಪ್ಪು. ಇಬ್ಬರಿಗೆ ಧಾರಾಳ. ಸಾಸಿವೆಯನ್ನು ಕೊನೆಗೆ ಹಾಕಿ ಎರಡೇ ಸುತ್ತು ತಿರುಗಿಸಬೇಕು. ಮೊದಲ ದಿನ ತುಂಬಾ ಹೊತ್ತು ಅರೆದು ಕಹಿಯಾಗಿ, ಮನೆಯಾಕೆ ನನ್ನ ಮುಖ ನೋಡಿದಳು.

ಒಬ್ಬರಿಗೆ ಐದೂವರೆ ಗ್ರಾಂ ಕೊಬ್ಬು, 70ರಷ್ಟು ಕ್ಯಾಲೊರಿ, ಅರ್ಧ ಗ್ರಾಂ ಉಪ್ಪು. ಪ್ಯಾಕೆಟಿನದ್ದಕ್ಕೆ ಹೋಲಿಸಿದರೆ ಕೊಬ್ಬು ಮೂರರಲ್ಲಿ ಒಂದು ಪಾಲು. ಮೊಸರಿನ ಕ್ಯಾಲ್ಸಿಯಂ, ಪ್ರೋಟೀನ್ ಲಾಭಕ್ಕೆ.

ನಾನು ಗೆದ್ದೆ ಅಂದುಕೊಂಡು ಮುಂದಿನ ತಿಂಗಳು ಡಾಕ್ಟರಿಗೆ ಚೀಟಿ ತೋರಿಸಿದೆ. ಅವರು ನಗುತ್ತಾ ಒಂದು ಸಾಲು ಸೇರಿಸಿದರು: ಸ್ಯಾಚುರೇಟೆಡ್ ಕೊಬ್ಬು. ಕೆಟ್ಟ ಕೊಲೆಸ್ಟರಾಲ್ ಏರಿಸುವುದರಲ್ಲಿ ಮುಖ್ಯ ಪಾತ್ರ ಇದರದ್ದು. ತೆಂಗಿನ ಕೊಬ್ಬಿನ ಹತ್ತರಲ್ಲಿ ಒಂಬತ್ತು ಪಾಲು ಇದೇ ಜಾತಿ. ಸೋಯಾ ಎಣ್ಣೆಯಲ್ಲಿ ನೂರಕ್ಕೆ ಹದಿನೈದರಷ್ಟು ಮಾತ್ರ. ಲೆಕ್ಕ ಮಾಡಿದರೆ ಪ್ಯಾಕೆಟಿನ 40 ಗ್ರಾಮಿನಲ್ಲಿ ಎರಡು ಗ್ರಾಂ ಚಿಲ್ಲರೆ, ನಮ್ಮ ಗೊಜ್ಜಿನಲ್ಲಿ ನಾಲ್ಕು ಗ್ರಾಮಿಗಿಂತ ಹೆಚ್ಚು!

ತೆಂಗು ಬೆಳೆದು ಬದುಕುವವನಿಗೆ ಇದನ್ನು ಬರೆಯಲು ಕೈ ಬರುವುದಿಲ್ಲ ಮಾರಾಯ್ರೆ. ಆದರೆ ಪ್ಯಾಕೆಟಿನ ಬೆನ್ನು ಓದಿದವನು ನಮ್ಮ ಕಾಯಿಯ ಬೆನ್ನನ್ನೂ ಓದಬೇಕಲ್ಲ. ಉಪ್ಪು, ಸಕ್ಕರೆ, ಒಟ್ಟು ಕ್ಯಾಲೊರಿಯಲ್ಲಿ ನಮ್ಮದು ಮೇಲು. ಈ ಒಂದು ವಿಷಯದಲ್ಲಿ ಪ್ಯಾಕೆಟ್ ಮೇಲು. ಡಾಕ್ಟರು ಕಾಯಿ ಬಿಡಿ ಎನ್ನಲಿಲ್ಲ. ಸಾಂಬಾರು, ಪಲ್ಯ, ಚಟ್ನಿ ಎಲ್ಲದಕ್ಕೂ ಬೀಳುವ ಕಾಯಿಯನ್ನು ಒಟ್ಟು ಸೇರಿಸಿ ನೋಡಿ ಎಂದರು.

ಈಗ ಕಾಯಿತುರಿಯನ್ನು 20ರಿಂದ 5 ಗ್ರಾಮಿಗೆ ಇಳಿಸಿದ್ದೇವೆ. ಬದಲಿಗೆ ಹುರಿದ ಎಳ್ಳು ಒಂದೂವರೆ ಚಮಚ. ಎಳ್ಳಿನ ಎಣ್ಣೆಯಲ್ಲಿ ಸ್ಯಾಚುರೇಟೆಡ್ ಪಾಲು ಸೋಯಾದಂತೆಯೇ ಕಡಿಮೆ. ಗೊಜ್ಜು ಸ್ವಲ್ಪ ಕಂದು ಬಣ್ಣಕ್ಕೆ ತಿರುಗುತ್ತದೆ, ರುಚಿ ಏನೂ ಕಮ್ಮಿ ಇಲ್ಲ. ಲಿಂಬೆಯ ಬದಲು ಬೀಂಪುಳಿ ಅರೆದು ಹಾಕಿದರೆ ಉಪ್ಪನ್ನು ಇನ್ನೂ ಅರ್ಧ ಮಾಡಬಹುದು. ಹುಳಿ, ಖಾರ ಇದ್ದಲ್ಲಿ ನಾಲಗೆ ಉಪ್ಪು ಕೇಳುವುದು ಕಡಿಮೆ. ಬಟ್ಟೆಯಿಂದ ಇಳಿದ ನೀರು ದೋಸೆ ಹಿಟ್ಟಿಗೆ ಹೋಗುತ್ತದೆ. ಒಂದೇ ತೊಂದರೆ, ಇದು ಇಡಲಿಕ್ಕೆ ಬರುವುದಿಲ್ಲ. ಹೊರಗಿಟ್ಟರೆ ಸಂಜೆಗೇ ಹುಳಿ ಬರುತ್ತದೆ. ಆಯಾ ಹೊತ್ತಿಗೆ ಬೇಕಾದಷ್ಟೇ ಮಾಡಿಕೊಳ್ಳಬೇಕು.

ಕಳೆದ ಸಲ ಬಿ.ಪಿ. ನೋಡಿದಾಗ 142 ಇತ್ತು. ಮಿಡಿ ಉಪ್ಪಿನಕಾಯಿಯ ಭರಣಿ ಈಗ ಅಟ್ಟದಲ್ಲಿದೆ. ಹಾಗಾಗಿ ಯಾವುದರಿಂದ ಎಷ್ಟು ಇಳಿಯಿತು ಎಂದು ಬಿಡಿಸಿ ಹೇಳಲು ಬರುವುದಿಲ್ಲ. ಮುಳ್ಳುಸೌತೆಯ ಬಟ್ಟಲು ಮಾತ್ರ ನಿಂತಿಲ್ಲ.

ಮೊನ್ನೆ ಮೊಮ್ಮಗ ಫೋನ್ ಮಾಡಿ ಅಜ್ಜಿಯ ಗೊಜ್ಜು ತನಗೂ ಬೇಕೆಂದ. ಬೆಂಗಳೂರಿನ ಬಸ್ಸಿನಲ್ಲಿ ಮೊಸರು ಕಳಿಸುವುದು ಹೇಗೆ? ಮನೆಯಾಕೆ ಎಳ್ಳು, ಸಾಸಿವೆ, ಕಾಳುಮೆಣಸು, ಒಣಗಿಸಿದ ಬೇವಿನಸೊಪ್ಪು ಪುಡಿ ಮಾಡಿ ಸಣ್ಣ ಪೊಟ್ಟಣ ಕಟ್ಟಿದ್ದಾಳೆ. ಉಪ್ಪು ಹಾಕಿಲ್ಲ. ಮೊಸರು ಅಲ್ಲೇ ಸೇರಿಸಿಕೊಳ್ಳಲು ಹೇಳಿದ್ದೇವೆ.