ಹಾಲಿನ ಟ್ಯಾಂಕರ್‌ಗೆ ಅಡ್ಡ ಬಂದ ಗಡಿ



ಕರೆದ ಹಾಲು ಹೊತ್ತಿಗೆ ಸರಿಯಾಗಿ ಡೇರಿ ಸೇರದಿದ್ದರೆ ಏನಾಗುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಟ್ಯಾಂಕರ್ ಹೋಗುವ ದಾರಿಯಲ್ಲಿ ದೇಶದ ಗಡಿಯೇ ಎದ್ದು ನಿಂತರೆ? ಉತ್ತರ ಐರ್ಲೆಂಡಿನ ಹೈನುಗಾರರಿಗೆ 2016ರಿಂದ ಕೆಲವು ವರ್ಷ ಇದೇ ಚಿಂತೆ.

ಐರ್ಲೆಂಡ್ ಒಂದೇ ದ್ವೀಪ. 1921ರಲ್ಲಿ ಅದು ಇಬ್ಭಾಗವಾಗಿ, ಉತ್ತರದ ಆರು ಜಿಲ್ಲೆಗಳು ಬ್ರಿಟನ್ ಜೊತೆ ಉಳಿದವು, ಮಿಕ್ಕದ್ದು ಬೇರೆ ದೇಶವಾಯಿತು. ನಡುವಿನ ಗಡಿ ಸುಮಾರು 500 ಕಿ.ಮೀ., ಅದನ್ನು ದಾಟುವ ರಸ್ತೆಗಳು 200ಕ್ಕೂ ಹೆಚ್ಚು. ಕೆಲವರ ಮನೆ ಈ ಕಡೆ, ಹುಲ್ಲುಗಾವಲು ಆ ಕಡೆ. ಎರಡೂ ಯುರೋಪ್ ಒಕ್ಕೂಟದಲ್ಲಿದ್ದಾಗ ನಿಯಮ ಒಂದೇ ಆಗಿತ್ತು. ಉತ್ತರದ ಹಾಲಿನಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು, ವರ್ಷಕ್ಕೆ ಸುಮಾರು 80 ಕೋಟಿ ಲೀಟರ್, ದಕ್ಷಿಣದ ಕಾರ್ಖಾನೆಗಳಿಗೆ ಹೋಗಿ ಹಾಲಿನ ಪುಡಿ, ಬೆಣ್ಣೆ, ಚೀಸ್ ಆಗುತ್ತಿತ್ತು. ಲೇಕ್‌ಲ್ಯಾಂಡ್ ಡೇರೀಸ್ ಎಂಬ ಸಹಕಾರಿಗೆ ಎರಡೂ ಕಡೆಯ ರೈತರು ಸದಸ್ಯರು.

2016ರ ಜೂನ್‌ನಲ್ಲಿ ಬ್ರಿಟನ್ನಿನ ಜನ ಯುರೋಪ್ ಒಕ್ಕೂಟ ಬಿಡಲು ಮತ ಹಾಕಿದರು. ಉತ್ತರ ಐರ್ಲೆಂಡಿನಲ್ಲಿ ಮಾತ್ರ ಉಳಿಯೋಣ ಎಂದವರೇ ಹೆಚ್ಚು, ಶೇ. 55.8. ಯುರೋಪ್ ಒಕ್ಕೂಟದ ನಿಯಮದಂತೆ ಹೊರದೇಶದ ಹಾಲು ಒಳಬರಬೇಕಾದರೆ ಪಶುವೈದ್ಯರು ಸಹಿ ಮಾಡಿದ ಆರೋಗ್ಯ ಪ್ರಮಾಣಪತ್ರ ಬೇಕು, ಗಡಿಯಲ್ಲಿ ತಪಾಸಣೆ ಆಗಬೇಕು. ದಿನಾ ಓಡಾಡುವ ಅಷ್ಟೊಂದು ಟ್ಯಾಂಕರ್‌ಗಳಿಗೆ ಸಹಿ ಹಾಕಲು ಡಾಕ್ಟರು ಎಲ್ಲಿಂದ ಬರಬೇಕು? (ನಮ್ಮಲ್ಲಿ ಒಬ್ಬ ಡಾಕ್ಟರಿಗೆ ಎಷ್ಟು ಹಳ್ಳಿ ಎಂಬುದು ನಿಮಗೇ ಗೊತ್ತು!) ಹಸುಗಳಂತೂ ಗಡಿ ನೋಡಿ ಹಾಲು ಕಡಿಮೆ ಕೊಡುವುದಿಲ್ಲ.

ಇನ್ನೊಂದು ಭಯ ಇದಕ್ಕಿಂತ ದೊಡ್ಡದು. ಸುಮಾರು 30 ವರ್ಷಗಳ ಹಿಂಸೆಯಲ್ಲಿ ಅಲ್ಲಿ 3,500ಕ್ಕೂ ಹೆಚ್ಚು ಜನ ಸತ್ತಿದ್ದರು. ಗಡಿಯಲ್ಲಿ ಸೈನಿಕರ ಕಾವಲು ಗೋಪುರಗಳಿದ್ದವು. 1998ರ ಶಾಂತಿ ಒಪ್ಪಂದದ ನಂತರ ಅವು ಹೋದವು. ಮತ್ತೆ ಅಲ್ಲಿ ಚೆಕ್‌ಪೋಸ್ಟ್ ಹಾಕುವುದು ಯಾರಿಗೂ ಬೇಡವಾಗಿತ್ತು.

ಕೊನೆಗೆ ತಪಾಸಣೆಯನ್ನು ಸಮುದ್ರಕ್ಕೆ ಸರಿಸಿದರು. 2021ರ ಜನವರಿಯಿಂದ ಬ್ರಿಟನ್ನಿನ ಪ್ರಾಣಿ, ಮಾಂಸ, ಹಾಲಿನ ಪದಾರ್ಥಗಳನ್ನು ಲಾರ್ನ್, ಬೆಲ್‌ಫಾಸ್ಟ್‌ನಂಥ ಬಂದರುಗಳಲ್ಲೇ ನೋಡುತ್ತಾರೆ. ಹಾಲಿನ ಟ್ಯಾಂಕರ್ ಎಂದಿನಂತೆ ಗಡಿ ದಾಟುತ್ತದೆ.

ಪಶುವೈದ್ಯನಾಗಿ ನನಗೆ ಇದು ಸರಿ ಎನಿಸುತ್ತದೆ. 2001ರಲ್ಲಿ ಬ್ರಿಟನ್ನಿನಲ್ಲಿ ಕಾಲುಬಾಯಿ ಜ್ವರ ಬಂದು 60 ಲಕ್ಷಕ್ಕೂ ಹೆಚ್ಚು ಪ್ರಾಣಿಗಳನ್ನು ಕೊಲ್ಲಬೇಕಾಯಿತು. ಇಂಗ್ಲೆಂಡಿನಿಂದ ಹಡಗಿನಲ್ಲಿ ಬಂದ ಕುರಿಗಳಿಂದ ರೋಗ ಉತ್ತರ ಐರ್ಲೆಂಡಿಗೆ ತಲುಪಿತು. ಕೆಲವೇ ವಾರಗಳಲ್ಲಿ ಗಡಿಯಾಚೆಯ ಲೌತ್ ಜಿಲ್ಲೆಯಲ್ಲೂ ಕಾಣಿಸಿತು. ಭೂಗಡಿ ಅದಕ್ಕೆ ಲೆಕ್ಕಕ್ಕೇ ಇರಲಿಲ್ಲ. ಎರಡೂ ಕಡೆಯವರು ಕೂಡಿ ಕೆಲಸ ಮಾಡಿದ್ದರಿಂದ ದಕ್ಷಿಣದಲ್ಲಿ ಒಂದೇ ಪ್ರಕರಣಕ್ಕೆ ನಿಂತಿತು. ರೋಗದ ಮಟ್ಟಿಗೆ ದ್ವೀಪಪೂರ್ತಿ ಒಂದೇ ಕೊಟ್ಟಿಗೆ.

ಆದರೆ ಭಾರ ಬಿದ್ದದ್ದು ಉತ್ತರದ ರೈತರ ಮೇಲೆ. ಬ್ರಿಟನ್ನಿನಿಂದ ತಳಿ ಹಸು ತರುವುದಕ್ಕೂ ಕಾಗದಪತ್ರ ಹೆಚ್ಚಾಯಿತು. ಸ್ವಂತ ದೇಶದ ನಡುವೆಯೇ ಗಡಿ ಎಳೆದರೆಂದು ಬ್ರಿಟನ್ ಪರ ಇರುವವರಿಗೆ ಸಿಟ್ಟೂ ಇದೆ. 2023ರ ವಿಂಡ್ಸರ್ ಒಪ್ಪಂದದಿಂದ ಅಂಗಡಿ ಸಾಮಾನಿಗೆ ತಪಾಸಣೆ ಸಡಿಲವಾಯಿತು. ಬ್ರಿಟನ್ನಿನಿಂದ ಬರುವ ಪಶು ಔಷಧಿ, ಲಸಿಕೆಗಳಿಗೆ ಕೊಟ್ಟಿದ್ದ ವಿನಾಯಿತಿ ಮಾತ್ರ 2025ರ ಕೊನೆಯವರೆಗೆ ಇತ್ತು. 2025ರ ಮೇ ತಿಂಗಳಲ್ಲಿ ಎರಡೂ ಕಡೆಯವರು ಪ್ರಾಣಿ ಮತ್ತು ಆಹಾರದ ತಪಾಸಣೆ ತಗ್ಗಿಸುವ ಒಪ್ಪಂದಕ್ಕೆ ಮಾತುಕತೆ ನಡೆಸಲು ಒಪ್ಪಿದರು.