ಹಾಸ್ಟೆಲೋ, ಬಾಡಿಗೆ ಕೋಣೆಯೋ?

ಹನ್ನೆರಡನೆಯ ಇಯತ್ತೆಯ ಫಲಿತಾಂಶ ಬಂದು ಕಾಲೇಜು ಪ್ರವೇಶದ ಯಾದಿ ಹೊರಬಿದ್ದ ಕೂಡಲೇ ಜತ್ತ, ಅಕ್ಕಲಕೋಟ ಭಾಗದ ನಮ್ಮ ಮನೆಗಳಲ್ಲಿ ಒಂದೇ ಚರ್ಚೆ. ಸಾಂಗಲಿಯಲ್ಲೋ ಸೊಲ್ಲಾಪುರದಲ್ಲೋ ಪುಣೆಯಲ್ಲೋ ಸೀಟೇನೋ ಸಿಕ್ಕಿತು, ಹುಡುಗ ಇರುವುದೆಲ್ಲಿ? ತಾಯಿ ಊಟ ನೋಡುತ್ತಾಳೆ, ತಂದೆ ದುಡ್ಡು ನೋಡುತ್ತಾನೆ. ನಾವು ವ್ಯಾಪಾರಸ್ಥರು, ಲೆಕ್ಕ ನೋಡುವುದು ತಪ್ಪಲ್ಲ. ಆದರೆ ಕೀರ್ದಿಯಲ್ಲಿ ಎಲ್ಲ ಕಲಮೂ ಬರಬೇಕು.

ಮೂವರು ಸೇರಿ ಕೋಣೆ ಹಿಡಿದರೆ ಹಾಸ್ಟೆಲಿಗಿಂತ ಅಗ್ಗವೆಂದು ತೋರುತ್ತದೆ. ಡಿಪಾಜಿಟ್, ದಲಾಲನ ಹಣ, ಲೈಟ್ ಬಿಲ್ಲು, ಗ್ಯಾಸು, ಓಡಾಟದ ಖರ್ಚು, ಊರಿಗೆ ಬಂದ ರಜೆಯ ತಿಂಗಳ ಬಾಡಿಗೆ ಇವನ್ನೆಲ್ಲ ಕೂಡಿಸಿದ ಮೇಲೆ ಆ ಅಗ್ಗ ಉಳಿಯುವುದು ವಿರಳ. ನಮ್ಮ ತಮ್ಮನ ಮಗನ ಡಿಪಾಜಿಟ್ಟಿನಲ್ಲಿ ಅರ್ಧವನ್ನು ಮಾಲೀಕರು ಗೋಡೆಯ ಮೊಳೆ, ಸುಣ್ಣ ಎಂದು ಹಿಡಿದುಕೊಂಡರು. ಕೈಯಲ್ಲಿ ಕರಾರು ಪತ್ರ ಇರಲಿಲ್ಲ. ಮಹಾರಾಷ್ಟ್ರದ 1999ರ ಬಾಡಿಗೆ ಕಾನೂನಿನ ಪ್ರಕಾರ ಕರಾರು ಬರಹದಲ್ಲಿದ್ದು ನೋಂದಣಿಯಾಗಲೇಬೇಕು. ನೋಂದಾಯಿಸುವ ಹೊಣೆಯೂ ಮಾಲೀಕರದೇ. ಅಂಗಡಿಗೆ ಮಾಡಿಸುವ ಕಾಗದವನ್ನು ಮಗನ ಕೋಣೆಗೆ ಏಕೆ ಬಿಡಬೇಕು?

ಆ ಹುಡುಗನದೇ ಇನ್ನೊಂದು ಸಂಗತಿ ಹೇಳಬೇಕು. ಎರಡನೆಯ ವರ್ಷ ಜೊತೆಯ ಇಬ್ಬರೂ ಊರಿಗೆ ಹೋಗಿದ್ದಾಗ ಇವನಿಗೆ ಡೆಂಗಿ ಜ್ವರ ಬಂತು. ಫೋನ್ ಚಾರ್ಜ್ ಮಾಡಲೂ ಏಳಲಾಗದೆ ಮಲಗಿಬಿಟ್ಟ. ಬಾಗಿಲಲ್ಲಿಟ್ಟ ಡಬ್ಬಿ ಎರಡು ದಿನ ಹಾಗೇ ಇದ್ದುದನ್ನು ಕಂಡು ಡಬ್ಬಿ ತರುವ ಬಾಯಿಯೇ ಅಕ್ಕಪಕ್ಕದವರನ್ನು ಕರೆದು ಆಸ್ಪತ್ರೆಗೆ ಸೇರಿಸಿದಳು. ಒಳ್ಳೆಯ ಹಾಸ್ಟೆಲಿನಲ್ಲಿ ಸಂಜೆ ಹಾಜರಿ ಇರುತ್ತದೆ, ಪಕ್ಕದ ಕೋಣೆಯವನು ಬಾಗಿಲು ಬಡಿಯುತ್ತಾನೆ. ನಮ್ಮ ದೃಷ್ಟಿಯಲ್ಲಿ ಇದೇ ಮೊದಲ ಕಲಮು: ಹುಡುಗ ಒಂದು ಹೊತ್ತು ಕಾಣದಿದ್ದರೆ ಕೇಳುವವರು ಯಾರು?

ಇನ್ನು ಊಟ. ಮೆಸ್ಸಿನ ಪಲ್ಯದಲ್ಲಿ ಬಟಾಟೆ, ಉಳ್ಳಾಗಡ್ಡಿ ತಪ್ಪದು. ಡಿಸೆಂಬರಿನಲ್ಲಿ ಆರಕ್ಕೆ ಸೂರ್ಯ ಮುಳುಗಿದರೆ ಮೆಸ್ಸಿನ ಗಂಟೆ ಏಳೂವರೆ, ಎಂಟಕ್ಕೆ. ‘ಕೋಣೆಯಲ್ಲಾದರೆ ತಾನೇ ಅಡಿಗೆ ಮಾಡಿಕೊಂಡು ವ್ರತ ಪಾಲಿಸುತ್ತಾನೆ’ ಎಂದು ತಾಯಂದಿರ ನಂಬಿಕೆ. ಐದಕ್ಕೆ ಪ್ರಾಕ್ಟಿಕಲ್ ಮುಗಿಸಿ ಬಂದವನು ಒಂದು ತಾಸಿನಲ್ಲಿ ಅಡಿಗೆ ಮಾಡಿ ಉಣ್ಣುವನೇ? ಮೂಲೆಯ ವಡಾಪಾವ್ ಗಾಡಿಗೇ ಹೋಗುತ್ತಾನೆ. ಅದರ ಬದಲು ಐದಾರು ಪಾಲಕರು ಕೂಡಿ ರೆಕ್ಟರರಿಗೆ ಅರ್ಜಿ ಕೊಟ್ಟು, ಕಂದಮೂಲವಿಲ್ಲದ ಡಬ್ಬಿಯನ್ನು ಐದೂವರೆಗೆ ಕೇಳಬಹುದು. ಒಪ್ಪಿದವರನ್ನು ನಾವು ಕಂಡಿದ್ದೇವೆ.

ನಮ್ಮ ಹಿರಿಯರು ಇದಕ್ಕೇ ಮೂರನೆಯ ದಾರಿ ಮಾಡಿಟ್ಟಿದ್ದರು. ಕೊಲ್ಲಾಪುರದಲ್ಲಿ ಶಾಹು ಮಹಾರಾಜರು 1901ರಿಂದ ಬೇರೆ ಬೇರೆ ಸಮಾಜಗಳ ವಸತಿಗೃಹಗಳಿಗೆ ಆಶ್ರಯ ಕೊಟ್ಟರು. ಮುಂಬಯಿಯ ಶೇಠ ಮಾಣಿಕಚಂದ ಹೀರಾಚಂದರು ಹಲವು ಊರುಗಳಲ್ಲಿ ಜೈನ ಬೋರ್ಡಿಂಗ್‌ಗಳಿಗೆ ಧನ ಕೊಟ್ಟರು. ಕುಂಭೋಜದ ಭಾವುರಾವ ಪಾಟೀಲರು ಕೊಲ್ಲಾಪುರದ ಜೈನ ಬೋರ್ಡಿಂಗಿನಲ್ಲಿದ್ದು ಕಲಿತವರು. ಅಲ್ಲಿಯ ಕಟ್ಟುಪಾಡು ಮುರಿದು ಹೊರಬಿದ್ದರೆನ್ನುವುದು ಬೇರೆ ಮಾತು! ಅವರೇ 1919ರಲ್ಲಿ ರಯತ ಶಿಕ್ಷಣ ಸಂಸ್ಥೆ ಕಟ್ಟಿ, 1924ರಲ್ಲಿ ಸಾತಾರದಲ್ಲಿ ಎಲ್ಲ ಜಾತಿಯ ಹುಡುಗರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸುವ ವಸತಿಗೃಹ ನಡೆಸಿದರು. ಹೋಗುವ ಊರಿನಲ್ಲಿ ಬೋರ್ಡಿಂಗ್ ಇದ್ದರೆ ಮೊದಲು ಅಲ್ಲಿ ವಿಚಾರಿಸಿ.

ರ‍್ಯಾಗಿಂಗ್‌ಗೆ ಹೆದರಿ ಹಾಸ್ಟೆಲ್ ಬೇಡವೆನ್ನುವವರೂ ಇದ್ದಾರೆ. ಯು.ಜಿ.ಸಿ.ಯ 2009ರ ನಿಯಮದಂತೆ ವಿದ್ಯಾರ್ಥಿ, ಪಾಲಕ ಇಬ್ಬರೂ ಮುಚ್ಚಳಿಕೆ ಬರೆದುಕೊಡಬೇಕು. ಹೊಸಬರನ್ನು ಸಾಧ್ಯವಾದಷ್ಟು ಬೇರೆ ಕಟ್ಟಡದಲ್ಲಿ ಇಡಬೇಕು. ಹಾಗೆ ಇಟ್ಟಿದ್ದಾರೆಯೇ ಎಂದು ಖುದ್ದಾಗಿ ಹೋಗಿ ನೋಡಿ. ಕನ್ನಡ ಶಾಲೆಯಲ್ಲಿ ಕಲಿತ ನಮ್ಮ ಹುಡುಗರಿಗೆ ಹಾಸ್ಟೆಲಿನಿಂದ ಇನ್ನೊಂದು ಲಾಭ. ಒಂದೇ ಊರಿನ ಮೂವರು ಕೋಣೆ ಹಿಡಿದರೆ ಮೂರು ವರ್ಷವೂ ತಮ್ಮತಮ್ಮೊಳಗೇ ಮಾತು. ಹಾಸ್ಟೆಲಿನವನಿಗೆ ದೀಪಾವಳಿಯೊಳಗೆ ಮರಾಠಿ, ಹಿಂದಿ ಎರಡೂ ನಾಲಿಗೆಗೆ ಬರುತ್ತವೆ.

ಆದ್ದರಿಂದ ಮೊದಲ ವರ್ಷ ಹಾಸ್ಟೆಲ್ ಅಥವಾ ಬೋರ್ಡಿಂಗ್. ಊರು, ಗೆಳೆಯರು ಪರಿಚಯವಾದ ಮೇಲೆ ಬೇಕಿದ್ದರೆ ಕೋಣೆ ಎಂದು ನಮ್ಮ ಅಭಿಪ್ರಾಯ. ಹೆಣ್ಣುಮಕ್ಕಳಿಗೂ ಇದೇ ಮಾತು. ಅವರ ಹಾಸ್ಟೆಲಿನ ಗೇಟು ಎಷ್ಟಕ್ಕೆ ಮುಚ್ಚುತ್ತದೆಂದು ಮಾತ್ರ ಕೇಳಿಕೊಳ್ಳಿ. ಗ್ರಂಥಾಲಯ ಒಂಬತ್ತರವರೆಗಿದ್ದು ಗೇಟು ಏಳಕ್ಕೇ ಮುಚ್ಚಿದರೆ ಓದುವ ಹುಡುಗಿಗೆ ನಷ್ಟ. ಹಾಸ್ಟೆಲಿನ ಅರ್ಜಿಯನ್ನು ಪ್ರವೇಶದ ದಿನವೇ ಕೊಡಿ, ತಡವಾದರೆ ಜಾಗ ಉಳಿಯದು. ಭಾದ್ರಪದದ ದಶಲಕ್ಷಣ ಪರ್ವ ಮೊದಲ ಸತ್ರದಲ್ಲೇ ಬರುತ್ತದೆ. ಆ ಹತ್ತು ದಿನದ ಏಕಾಶನದ ವ್ಯವಸ್ಥೆಯನ್ನೂ ರೆಕ್ಟರರ ಹತ್ತಿರ ಅದೇ ದಿನ ಮಾತಾಡಿ ಬನ್ನಿ.